ಕಣ್ಣು ಮುಚ್ಚುವ ಅಂಪೈರು

"ಕುಕ್ಕರ್ ಸೀಟಿ ಹೊಡದ್ರ ಕಣ್ಣ ಮುಚ್ಚಾಕಿ ನೀ. ಚೆಂಡಿನ ಮುಂದ ಹ್ಯಾಂಗ ನಿಂದರ್ತಿ? ನಿನ್ನ ಕೈಲೆ ಆಗಂಗಿಲ್ಲ, ಬಿಟ್ಟಬಿಡವ್ವ" ಎಂದವನು ನಮ್ಮ ಬಸಪ್ಪ ಮಾವ, ಅವ್ವನ ತಮ್ಮ. ಸಾಫ್ಟ್‌ಬಾಲ್ ಅಂಪೈರ್ ಪರೀಕ್ಷೆಗೆ ಕೂರುತ್ತೇನೆ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದ್ದೆ. ಬೇರೆ ಯಾರಾದರೂ ಹೀಗಂದಿದ್ದರೆ ತಿರುಗಿ ಹೇಳುವಷ್ಟು ಬಾಯಿ ನನಗಿದೆ. ಆದರೆ ಹೆಣ್ಣು ಹುಡುಗಿಗೆ ಡಿಗ್ರಿ ಯಾಕೆ ಎಂದು ನೆಂಟರೆಲ್ಲ ಕೇಳಿದಾಗ "ಆಕಿ ಓದ್ತಾಳ" ಎಂದು ಒಬ್ಬನೇ ಹಟ ಹಿಡಿದು ಕೂತವನು ಈ ಮಾವ. ಅವನೇ ಆಗಂಗಿಲ್ಲ ಎಂದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳುವುದು? ಸಾಲದ್ದಕ್ಕೆ ಅವನ ಮಾತು ಮುಗಿಯುತ್ತಿದ್ದಂತೆ ಒಲೆಯ ಮೇಲಿನ ಕುಕ್ಕರ್ ಕೂಗಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಮಾವ ನನ್ನನ್ನೇ ನೋಡುತ್ತಿದ್ದ. ಅವನು ನಕ್ಕಿದ್ದರೆ ಸಮಾಧಾನವಾಗುತ್ತಿತ್ತು. ನಗಲಿಲ್ಲ.

ಇವತ್ತು ಬೆಳಿಗ್ಗೆ ಬೇಳೆ ಇಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಕುಕ್ಕರ್ ಕೂಗಿತು, ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು, ಈಳಿಗೆಮಣೆಯ ಮುಂದೆ ಕೂತವಳು ಹೀಗೆ ಮಾಡಬಾರದು ಎಂದು ಅವ್ವ ಬೈದಳು. ಆಗ ಇದೆಲ್ಲ ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಂಜಿಕೆಗಳನ್ನು ಹೇಳುತ್ತಾ ಹೋದರೆ ನೀವು ಪುಸ್ತಕ ಮಡಚಿಟ್ಟು ಎದ್ದು ಹೋಗಬಹುದು. ಮೆಟ್ರೋ ನಿಲ್ದಾಣದ ಎಸ್ಕಲೇಟರಿನ ಮೊದಲ ಮೆಟ್ಟಿಲು ನನಗೆ ಭಯ. ಹಿಂದೆ ನಿಂತವರು "ಮೇಡಂ, ಹತ್ತೀರಾ, ಇಲ್ವಾ?" ಎಂದು ಕೇಳಿದ ಮೇಲೆಯೇ ನಾನು ಹತ್ತುವುದು. ಗೊತ್ತಿಲ್ಲದ ನಂಬರಿನಿಂದ ಬರುವ ಫೋನು ಭಯ. ಮನೆ ಓನರ್ ಗೌಡರ ನಾಯಿ ಭಯ. ಅದಕ್ಕೆ ಹಲ್ಲಿಲ್ಲ, ವಯಸ್ಸಾಗಿದೆ, ಆದರೂ ಗೇಟು ತೆಗೆಯುವ ಮೊದಲು ಅದರ ಹೆಸರು ಹಿಡಿದು ಗೌರವದಿಂದ ಮಾತಾಡಿಸುತ್ತೇನೆ. ದೀಪಾವಳಿಯಲ್ಲಿ ಸುರ್‌ಸುರ್‌ಬತ್ತಿಯನ್ನು ಪೊರಕೆಯ ತುದಿಗೆ ಕಟ್ಟಿ ಹಿಡಿಯುತ್ತಿದ್ದವಳು ನಾನು. ಫೋಟೋದ ಫ್ಲ್ಯಾಷಿಗೂ ಕಣ್ಣು ಮುಚ್ಚುತ್ತೇನೆ. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನಲ್ಲಿ, ಆಧಾರ್ ಕಾರ್ಡಿನಲ್ಲಿ, ಕಂಪನಿಯ ಐಡಿಯಲ್ಲಿ ಮಂಜುಳಾ ಎಂಬವಳು ಎಲ್ಲ ಕಡೆಯೂ ಧ್ಯಾನ ಮಾಡುತ್ತಿದ್ದಾಳೆ. ಬಿ.ಕಾಂ. ಮುಗಿದ ವರ್ಷ ತೆಗೆದ ಗ್ರೂಪ್ ಫೋಟೋವನ್ನು ಮನೆಗೆ ತಂದಾಗ ಅವ್ವ ಬೆರಳಿಟ್ಟು ಹುಡುಕಿ, "ಇಷ್ಟು ಓದಿದ್ರೂ ಎದ್ದಿಲ್ಲ ನೋಡು ಇಕಿ" ಎಂದಿದ್ದಳು.

ಬಿ.ಕಾಂ. ಎಂದೆನಲ್ಲ, ಅದನ್ನು ಇನ್ನೊಮ್ಮೆ ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ನಮ್ಮ ಕುಲದಲ್ಲಿ, ಅವ್ವನ ಕಡೆಯಲ್ಲೂ ಅಪ್ಪನ ಕಡೆಯಲ್ಲೂ, ಕಾಲೇಜಿನ ಗೇಟು ದಾಟಿ ಒಳಗೆ ಹೋಗಿ ಡಿಗ್ರಿ ಹಿಡಿದುಕೊಂಡು ಹೊರಗೆ ಬಂದ ಮೊದಲನೆಯವಳು ನಾನು. ಹಗಲು ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್, ಸಂಜೆ ಕಾಲೇಜು, ನಡುವೆ ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ. ಹಾಗೆ ಓದಿದ್ದು. ಓದಿ ಬರೆಯುವ ಯಾವುದಕ್ಕೂ ನಾನು ಹೆದರಿದವಳಲ್ಲ. ನನ್ನ ಅಂಜಿಕೆಯೆಲ್ಲ ಎಗರಿ ಬರುವ, ಸಿಡಿಯುವ, ಮುಖಕ್ಕೆ ತಾಗುವ ವಸ್ತುಗಳದ್ದು. ಅದು ಎಲ್ಲಿಂದ ಬಂತು ಎನ್ನುವುದೂ ನನಗೆ ಗೊತ್ತಿದೆ.

ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಕೊಪ್ಪಳದ ಕಡೆಯಿಂದ ಚಿಕ್ಕಬಾಣಾವರಕ್ಕೆ ಕರೆತಂದವನು ಮಾವ. ಅವನಾಗ ಪೀಣ್ಯದ ಒಂದು ಶೆಡ್ಡಿನಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದ. ಎರಕ ಹೊಯ್ದ ಕಬ್ಬಿಣದ ತುಂಡುಗಳ ಅಂಚನ್ನು ತಿರುಗುವ ಚಕ್ರಕ್ಕೆ ಹಿಡಿದು ನುಣುಪು ಮಾಡುವ ಕೆಲಸ. ಅಮಾವಾಸ್ಯೆಗೆ ಮೆಷಿನ್ ಪೂಜೆ ಮಾಡಿದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಚಕ್ರದಿಂದ ಕಿಡಿ ಹಾರುವುದನ್ನು ನೋಡಿ ಅದೊಂದು ಹಬ್ಬ ಎಂದುಕೊಂಡಿದ್ದೆ. ಒಂದು ದಿನ ಮಧ್ಯಾಹ್ನ ಅವ್ವ ಶಾಲೆಗೇ ಬಂದು ನನ್ನ ಕೈ ಹಿಡಿದೆಳೆದುಕೊಂಡು ಆಸ್ಪತ್ರೆಗೆ ಓಡಿದಳು. ಮಾವ ಬೆಂಚಿನ ಮೇಲೆ ಕೂತಿದ್ದ. ಎಡಗಣ್ಣಿನ ಮೇಲೆ ಅಂಗೈಯಗಲದ ಬಿಳಿ ಹತ್ತಿ. ಕಬ್ಬಿಣದ ಒಂದು ಚೂರು. "ಬರೋದು ಕಾಣಲೇ ಇಲ್ಲ" ಎಂದು ಅವನು ಅವ್ವನಿಗೆ ಹೇಳುತ್ತಿದ್ದ, ತಾನೇ ಏನೋ ತಪ್ಪು ಮಾಡಿದವನ ಹಾಗೆ. ಆ ಕಣ್ಣು ಮತ್ತೆ ಬೆಳಕು ಕಾಣಲಿಲ್ಲ. ಇವತ್ತಿಗೂ ಮಾವ ಎಲ್ಲಿ ಕೂತರೂ ಎಡಕ್ಕೆ ಗೋಡೆ ಇಟ್ಟುಕೊಂಡು ಕೂರುತ್ತಾನೆ. ಎಡಗಡೆಯಿಂದ ಯಾರಾದರೂ ಚಹಾದ ಲೋಟ ಚಾಚಿದರೂ ಬೆಚ್ಚುತ್ತಾನೆ. ಅವನು ಬೆಚ್ಚಿದಾಗೆಲ್ಲ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ. ಒಂದೇ ಮನೆಯಲ್ಲಿ ಬೆಳೆದ ಎರಡು ಅಂಜಿಕೆಗಳು ಅಕ್ಕತಂಗಿಯರ ಹಾಗೆ.

ಇಂಥವಳು ಸಾಫ್ಟ್‌ಬಾಲಿಗೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ಕಾಲೇಜಿನ ಫಿಸಿಕಲ್ ಡೈರೆಕ್ಟರ್ ಮೇಡಂ ತಂಡಕ್ಕೆ ಜನ ಸಾಲದೆ ಕಾರಿಡಾರಿನಲ್ಲಿ ಸಿಕ್ಕವರನ್ನು ಹಿಡಿಯುತ್ತಿದ್ದರು. ನಾನು ಸಿಕ್ಕೆ. ಹೆಸರು ಕೇಳಿ ಮೆತ್ತನೆಯ ಚೆಂಡಿರಬೇಕು ಎಂದುಕೊಂಡು ಒಪ್ಪಿದೆ. ಮೇಡಂ ಚೆಂಡನ್ನು ಕೈಗೆ ಕೊಟ್ಟರು. ಬೇಲದ ಹಣ್ಣಿಗಿಂತ ದಪ್ಪ, ಹಳದಿ ಬಣ್ಣ, ಕೆಂಪು ಹೊಲಿಗೆ, ಉಗುರಿಟ್ಟರೆ ಉಗುರೇ ಮಣಿಯುವಷ್ಟು ಗಟ್ಟಿ. ವಾಪಸ್ ಕೊಡುವಷ್ಟರಲ್ಲಿ ಅವರು ನನ್ನ ಹೆಸರು ಬರೆದುಕೊಂಡಾಗಿತ್ತು.

ಮೈದಾನದಲ್ಲಿ ಚೆಂಡು ಅತಿ ಕಡಿಮೆ ಬರುವ ಜಾಗ ಬಲಮೂಲೆ. ನಾನು ಅಲ್ಲಿ ನಿಂತು, ಹೊಡೆಯುವವಳು ಎಡಗಡೆಗೇ ಹೊಡೆಯಲಿ ಎಂದು ಎದುರು ತಂಡದವಳಿಗಾಗಿಯೂ ದೇವರನ್ನು ಬೇಡಿಕೊಳ್ಳುತ್ತಿದ್ದೆ. ಅಪ್ಪಿತಪ್ಪಿ ಚೆಂಡು ನನ್ನ ಕಡೆ ಎದ್ದರೆ ಗ್ಲೌಸನ್ನು ಛತ್ರಿಯ ಹಾಗೆ ತಲೆಯ ಮೇಲೆ ಹಿಡಿದು ನಿಲ್ಲುತ್ತಿದ್ದೆ. "ಮಂಜುಳಾ, ಅದು ಮಳೆ ಅಲ್ಲ ಕಣಮ್ಮಾ!" ಎಂದು ಮೇಡಂ ಕೂಗುತ್ತಿದ್ದರು. ಆದರೂ ಅವರು ನನ್ನನ್ನು ಬಿಡಲಿಲ್ಲ, ನಾನೂ ಆಟವನ್ನು ಬಿಡಲಿಲ್ಲ. ಯಾಕೆಂದರೆ ಆಟ ಮುಗಿದ ಮೇಲೆ ಮೇಡಂ ಕಟ್ಟೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು.

ಚಳಿದೇಶದ ಒಂದು ಕ್ಲಬ್ಬಿನೊಳಗೆ ಬೇಸರ ಹಿಡಿದು ಕೂತಿದ್ದ ಗಂಡಸರಲ್ಲಿ ಒಬ್ಬ ಬಾಕ್ಸಿಂಗ್ ಗ್ಲೌಸನ್ನು ಇನ್ನೊಬ್ಬನ ಮೇಲೆ ಎಸೆದನಂತೆ, ಆ ಇನ್ನೊಬ್ಬ ಕೋಲಿನಿಂದ ಅದನ್ನು ಹೊಡೆದನಂತೆ, ಮತ್ತೊಬ್ಬ ಆ ಗ್ಲೌಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿದನಂತೆ. ಅಲ್ಲಿಂದ ಹುಟ್ಟಿದ್ದು ಈ ಆಟ. ಆಮೇಲೆ ಅಗ್ನಿಶಾಮಕ ಠಾಣೆಯವರು ಆಡಿದರು, ಕಾರ್ಖಾನೆಯವರು ಪಾಳಿ ಮುಗಿಸಿ ಆಡಿದರು, ಹೆಂಗಸರು ಆಡಿದರು. ಅಮೆರಿಕದಲ್ಲಿ ಹೆಂಗಸರ ವೃತ್ತಿಪರ ಲೀಗು ಶುರುವಾಯಿತು. ಅಂದರೆ ಸಂಬಳಕ್ಕೆ ಆಡುವುದು, ಅದೇ ಹೊಟ್ಟೆಪಾಡು. ಕೆಲವು ವರ್ಷ ನಡೆದು ಮುಚ್ಚಿತು. ಬಹಳ ಕಾಲದ ಮೇಲೆ ಇನ್ಯಾರೋ ಇನ್ನೊಂದು ಹೆಸರಿನಲ್ಲಿ ತೆರೆದರು, ಅದೂ ಮುಚ್ಚಿತು. ಮತ್ತೆ ತೆರೆದರು. ಒಲಿಂಪಿಕ್ಸಿಗೂ ಒಮ್ಮೆ ಸೇರಿಸಿದರು, ತೆಗೆದರು, ಮತ್ತೆ ಸೇರಿಸಿದರು. "ಆಡೋದು ಗೊತ್ತಿದ್ರೂ, ಮುಂದಿನ ವರ್ಷ ಆಡೋಕೆ ತಂಡ ಇರುತ್ತಾ ಅನ್ನೋದು ಗೊತ್ತಿರಲ್ಲ ನೋಡ್ರಮ್ಮಾ ಅವರಿಗೆ" ಎನ್ನುತ್ತಿದ್ದರು ಮೇಡಂ. ಉಳಿದ ಹುಡುಗಿಯರು ಅಯ್ಯೋ ಎನ್ನುತ್ತಿದ್ದರು. ನನಗೆ ಅದು ದೂರದ ದೇಶದ ಕಥೆ ಎನಿಸಲೇ ಇಲ್ಲ. ಪೀಣ್ಯದಲ್ಲಿ ಶೆಡ್ಡುಗಳ ಬೋರ್ಡು ಹೀಗೆಯೇ ಬದಲಾಗುವುದು. ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ, ನಾಲ್ಕು ತಿಂಗಳಾದ ಮೇಲೆ ಅದೇ ಬಾಗಿಲಿಗೆ ಹೊಸ ಬಣ್ಣ, ಹೊಸ ಹೆಸರು, ಒಳಗೆ ಅದೇ ಮೆಷಿನ್ನು. ನಡುವಿನ ನಾಲ್ಕು ತಿಂಗಳು ಅಲ್ಲಿ ದುಡಿಯುತ್ತಿದ್ದವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬೋರ್ಡು ಹೇಳುವುದಿಲ್ಲ.

ಡಿಗ್ರಿಯಾದ ಮೇಲೆ ಪೀಣ್ಯದ ಒಂದು ಕಂಪನಿಯ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿತು. ಹೊರಗಿನಿಂದ ಬಂದ ಸಾಮಾನನ್ನು ನೋಡಿ ಒಳಗೆ ತೆಗೆದುಕೊಳ್ಳುವ ಕೆಲಸ. ಗ್ರೈಂಡಿಂಗ್ ಚಕ್ರಗಳು ಬಂದರೆ ಒಂದೊಂದನ್ನೂ ಬೆರಳಿನಲ್ಲಿ ತೂಗಾಡಿಸಿ ಮರದ ಹಿಡಿಯಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಗಟ್ಟಿ, ಮಂಕು ಸದ್ದು ಬಂದರೆ ಒಳಗೆ ಬಿರುಕು. ಬಿರುಕಿರುವುದನ್ನು ಮೆಷಿನ್ನಿಗೆ ಹಾಕಿದರೆ ತಿರುಗುವಾಗ ಸಿಡಿಯುತ್ತದೆ. ನಾನು ತಟ್ಟಿದ ಚಕ್ರವನ್ನು ಇನ್ನೊಮ್ಮೆ, ಮತ್ತೊಮ್ಮೆ ತಟ್ಟುತ್ತೇನೆ. "ಏನ್ ಮೇಡಂ, ತಬಲಾ ಕ್ಲಾಸಿಗೆ ಸೇರಿದ್ದೀರಾ?" ಎಂದು ಹುಡುಗರು ರೇಗಿಸುತ್ತಾರೆ. ರೇಗಿಸಲಿ. ಅವರ ಕಣ್ಣುಗಳು ಅವರ ಮುಖದಲ್ಲೇ ಇರಲಿ.

ನಮ್ಮ ಕಂಪನಿಯವರು, ಪಕ್ಕದ ಗಾರ್ಮೆಂಟ್ಸಿನವರು, ಮಾದನಾಯಕನಹಳ್ಳಿಯ ಗೋದಾಮುಗಳವರು ಸೇರಿ ಭಾನುವಾರಗಳಂದು ಒಂದು ಸಾಫ್ಟ್‌ಬಾಲ್ ಲೀಗು ಶುರು ಮಾಡಿದರು. ಗಂಡಸರು ಹೆಂಗಸರು ಸೇರಿದ ತಂಡಗಳು. ಗೋದಾಮುಗಳ ಹಿಂದೆ ಸೈಟುಗಳಿಗೆಂದು ಕಲ್ಲು ನೆಟ್ಟು ಹಾಗೇ ಬಿಟ್ಟ ಬಯಲೇ ಮೈದಾನ. ಆಡಲು ಬಂದವರೆಲ್ಲ ಕ್ರಿಕೆಟ್ಟಿನಲ್ಲಿ ಹುಟ್ಟಿ ಬೆಳೆದವರು. ಚೆಂಡು ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಟ್ಟು ಓಡಬೇಕು ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಗೋದಾಮಿನ ಲೋಕೇಶ ಎಂಬ ಹುಡುಗ ಬ್ಯಾಟು ಹಿಡಿದುಕೊಂಡೇ ಓಡಿ, ಓಡಿ ಮುಟ್ಟಬೇಕಾದ ಮೊದಲನೇ ಬೇಸಿನ ಹತ್ತಿರ ಬಗ್ಗಿ, ಅದನ್ನು ನೆಲಕ್ಕೆ ಉಜ್ಜುತ್ತಾ ಚಾಚುತ್ತಿದ್ದ. ಆ ಬೇಸಿನಲ್ಲಿ ಚೆಂಡು ಹಿಡಿಯಲು ನಿಂತವಳು ಅಯ್ಯಯ್ಯೋ ಎಂದು ಕಾಲೆತ್ತಿ ಕುಣಿಯುತ್ತಿದ್ದಳು.

"ಮಗಾ, ಬ್ಯಾಟ್ ಬಿಟ್ಟು ಓಡೋ!" ಎಂದು ಅವನ ತಂಡದವರೇ ಕೂಗುತ್ತಿದ್ದರು.

"ಬಿಟ್ರೆ ರನ್ನೌಟ್ ಆಗಲ್ವಾ ಗುರು?" ಎಂದು ಅವನು ಓಡುತ್ತಲೇ ಕೇಳುತ್ತಿದ್ದ.

ಅದನ್ನಾದರೂ ನಕ್ಕು ಮರೆಯಬಹುದು. ನನಗೆ ನಿಜವಾಗಿ ನಡುಕ ಬರುತ್ತಿದ್ದದ್ದು ಲಗೋರಿಯ ಚಾಳಿಯಿಂದ. ಸಾಫ್ಟ್‌ಬಾಲಿನಲ್ಲಿ ಓಡುವವರನ್ನು ಔಟ್ ಮಾಡಲು ಚೆಂಡು ಹಿಡಿದ ಕೈಯಿಂದ ಮುಟ್ಟಬೇಕು. ನಮ್ಮವರು ಚಿಕ್ಕಂದಿನಲ್ಲಿ ಲಗೋರಿ ಆಡಿದ್ದರಲ್ಲ, ಎದುರಿಗೆ ಓಡುವ ಬೆನ್ನು ಕಂಡ ಕೂಡಲೇ ಎಲ್ಲ ನಿಯಮ ಮರೆತು ಬೀಸಿ ಹೊಡೆಯುತ್ತಿದ್ದರು! ಹೊಡೆದು, ಎರಡೂ ಕೈ ಎತ್ತಿ, "ಔಟ್!" ಎಂದು ಕೂಗುತ್ತಿದ್ದರು. ಏಟು ತಿಂದವರೂ ತಮ್ಮ ಪಾಪ ಎಂದುಕೊಂಡು ತಲೆ ತಗ್ಗಿಸಿ ಹೊರಗೆ ನಡೆದುಬಿಡುತ್ತಿದ್ದರು. ಆಟ ಮುಗಿಯುವಷ್ಟರಲ್ಲಿ ಎಲ್ಲರ ಬೆನ್ನಿನ ಮೇಲೂ ನೀಲಿ ಚಂದ್ರ. ನಾನು ನೆರಳಿನಲ್ಲಿ ಕೂತು ಸ್ಕೋರು ಬರೆಯುತ್ತಾ, ಮುಂದಿನ ಚೆಂಡು ಯಾರ ಮುಖಕ್ಕೆ ಎಂದು ಲೆಕ್ಕ ಹಾಕುತ್ತಿದ್ದೆ.

ಹೀಗಿರುವಾಗ ನಮ್ಮ ಲೀಗಿಗೆ ಅಂಪೈರಾಗಿದ್ದವರು ಬೇರೆ ಕೆಲಸ ಸಿಕ್ಕಿತೆಂದು ಹೊಸೂರಿಗೆ ಹೋದರು. ಎಲ್ಲರೂ ನನ್ನ ಕಡೆ ತಿರುಗಿದರು. ಕಾಲೇಜಿನಲ್ಲಿ ಆಡಿದವಳು ನಾನೊಬ್ಬಳೇ. ಇಂಗ್ಲಿಷಿನ ನಿಯಮಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳೂ ನಾನೊಬ್ಬಳೇ. ಓದಿದ್ದೇನೆ ಎಂದು ಹೇಳಿಕೊಂಡು ತಿರುಗಿದ್ದರ ಫಲ ಇದು.

ಅಂಪೈರು ನಿಲ್ಲುವ ಜಾಗ ನಿಮಗೆ ಗೊತ್ತಿರಲಿ. ಚೆಂಡು ಎಸೆಯುವವರ ನೇರಕ್ಕೆ, ಬ್ಯಾಟು ಹಿಡಿದವರ ಹಿಂದೆ ಚೆಂಡು ಹಿಡಿಯಲು ಕುಕ್ಕರುಗಾಲಿನಲ್ಲಿ ಕೂತ ಕ್ಯಾಚರಿನ ಬೆನ್ನ ಹಿಂದೆ. ಅಂದರೆ ಕ್ಯಾಚರು ಬಿಟ್ಟ ಚೆಂಡೆಲ್ಲ ನಿಮ್ಮದು. ಮುಖಕ್ಕೆ ಕಂಬಿಗಳ ಮುಖವಾಡ, ಎದೆಗೆ ದಿಂಬಿನಂಥ ಕವಚ. ಮುಖವಾಡದೊಳಗೆ ಇನ್ಯಾರದೋ ಬೆವರಿನ ವಾಸನೆ, ನನ್ನದೇ ಉಸಿರಿನ ಸದ್ದು. ಎಸೆಯುವವರ ತೋಳು ಗಾಣದ ಹಾಗೆ ಒಂದು ಸುತ್ತು ಸುತ್ತುತ್ತದೆ, ಸೊಂಟದ ಹತ್ತಿರ ಏನೋ ಹಳದಿ ಮಿಂಚುತ್ತದೆ. ಅಷ್ಟೇ. ಆಮೇಲಿನದು ನನಗೆ ಕಾಣುತ್ತಿರಲಿಲ್ಲ. ರೆಪ್ಪೆ ಬಿದ್ದುಹೋಗುತ್ತಿತ್ತು.

ಹಾಗಾದರೆ ತೀರ್ಪು ಹೇಗೆ ಕೊಡುತ್ತಿದ್ದೆ ಎಂದರೆ, ಕಿವಿಯಿಂದ. ಚೆಂಡು ಕ್ಯಾಚರಿನ ಗ್ಲೌಸಿನ ನಡುವೆ ಬಿದ್ದರೆ ಒಂದು ಸದ್ದು, ತುದಿಗೆ ಬಿದ್ದರೆ ಇನ್ನೊಂದು. ಸ್ಟೋರ್ಸಿನಲ್ಲಿ ಚಕ್ರ ತಟ್ಟಿ ಪಳಗಿದ ಕಿವಿ. ನಡುವಿನ ಸದ್ದಿಗೆ ಬಲಗೈ ಎತ್ತಿ "ಸ್ಟ್ರೈಕ್" ಎನ್ನುತ್ತಿದ್ದೆ, ಅಂದರೆ ಹೊಡೆಯಬಹುದಾಗಿದ್ದ ನೇರ ಚೆಂಡು, ತುದಿಯ ಸದ್ದಿಗೆ ಸುಮ್ಮನಿರುತ್ತಿದ್ದೆ. ನಂಬಿದರೆ ನಂಬಿ, ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು. ಆದರೆ ಮೊದಲ ದಿನವೇ ಸಿಕ್ಕಿಬಿದ್ದೆ. ಎಸೆಯುವ ಹುಡುಗಿ ತೋಳು ಬೀಸಿ, ಚೆಂಡನ್ನು ಜಾರಿಸಿ ತನ್ನ ಹಿಂದೆಯೇ ಬೀಳಿಸಿದಳು. ಅದೇ ಹೊತ್ತಿಗೆ ಕ್ಯಾಚರು ಶಬಾನಾ, ಗಾರ್ಮೆಂಟ್ಸಿನ ಟೈಲರು, ಗ್ಲೌಸಿಗೆ ಒಂದು ಗುದ್ದು ಹಾಕಿಕೊಂಡಳು. ನಾನು ಗಂಭೀರವಾಗಿ ಕೈ ಎತ್ತಿ "ಸ್ಟ್ರೈಕ್!" ಎಂದೆ.

ಬ್ಯಾಟು ಹಿಡಿದಿದ್ದ ಲೋಕೇಶ ನಿಧಾನವಾಗಿ ನನ್ನ ಕಡೆ ತಿರುಗಿದ. "ಮೇಡಂ, ಬಾಲು ಇನ್ನೂ ಅಲ್ಲೇ ಐತೆ. ನೀವು ಬೇಕಾದ್ರೆ ಹೋಗಿ ಎತ್ಕೊಂಡ್ ಬನ್ನಿ."

ಬಯಲೆಲ್ಲ ನಕ್ಕಿತು. ನಾನೂ ಮುಖವಾಡದೊಳಗಿಂದ ನಕ್ಕೆ. ಅವತ್ತಿನಿಂದ ನನಗೆ ಕಣ್ಣು ಮುಚ್ಚುವ ಅಂಪೈರು ಎಂದೇ ಹೆಸರಾಯಿತು.

ಆಮೇಲೆ ಬಂತು ಸುದ್ದಿ. ನಮ್ಮ ಲೀಗನ್ನು ಮುಂದಿನ ಸಲ ಜಿಲ್ಲೆಯ ಪಂದ್ಯಗಳ ಜೊತೆ ಸೇರಿಸಿಕೊಳ್ಳುತ್ತಾರಂತೆ, ಆದರೆ ನಮ್ಮಲ್ಲಿ ಪರೀಕ್ಷೆ ಪಾಸಾದ ಒಬ್ಬ ಅಂಪೈರಾದರೂ ಇರಬೇಕಂತೆ. ಬರೆಯುವ ಪರೀಕ್ಷೆ ಒಂದು, ಕ್ಯಾಚರಿನ ಹಿಂದೆ ನಿಲ್ಲುವ ಪರೀಕ್ಷೆ ಒಂದು. ಇಲ್ಲದಿದ್ದರೆ ಕಂಪನಿಗಳು ಇನ್ನು ಲೀಗಿಗೆ ದುಡ್ಡು ಹಾಕುವುದಿಲ್ಲವಂತೆ, ಈ ವರ್ಷಕ್ಕೇ ಆಟ ಮುಗಿಯಿತು. ಮೇಡಂ ಹೇಳುತ್ತಿದ್ದ ಕಥೆಯ ಲೀಗುಗಳ ಹಾಗೆ ನಮ್ಮದೂ ಮುಚ್ಚಿಹೋಗುತ್ತದೆ, ಅದೂ ನನ್ನ ರೆಪ್ಪೆಯ ದೆಸೆಯಿಂದ. ಆ ಸಂಜೆಯೇ ನಾನು ಮನೆಯಲ್ಲಿ ವಿಷಯ ತೆಗೆದದ್ದು, ಮಾವ ಆಗಂಗಿಲ್ಲ ಎಂದದ್ದು.

ಶಬಾನಾ ನನ್ನನ್ನು ಬಿಡಲಿಲ್ಲ. "ಡರೋ ನಕ್ಕೋ ಅಕ್ಕಾ, ಹೆದರ್ಬೇಡಿ, ಎಲ್ರಿಗೂ ಮುಚ್ಚುತ್ತೆ" ಎಂದು ಗೋದಾಮಿನ ತಂತಿಬೇಲಿಯ ಹಿಂದೆ ನಿಲ್ಲಿಸಿ ಆಚೆಯಿಂದ ಚೆಂಡು ಎಸೆದಳು. ಚೆಂಡು ಬೇಲಿಗೆ ಬಡಿದು ಝಲ್ ಎನ್ನುತ್ತಿತ್ತು. ಬೇಲಿ ದಾಟಿ ಬರುವುದಿಲ್ಲ ಎಂದು ಬುದ್ಧಿಗೆ ಗೊತ್ತು. ರೆಪ್ಪೆಗೆ ಬಿ.ಕಾಂ. ಆಗಿಲ್ಲವಲ್ಲ. ಶಬಾನಾಳಿಗೆ ಓವರ್‌ಟೈಮ್ ಇದ್ದ ವಾರ ಎಸೆಯುವವರಿಲ್ಲದೆ ಚೆಂಡು ಮನೆಗೆ ತಂದೆ. ಮಾವನನ್ನು ಕೇಳಿದೆ. ಅವನು ಚೆಂಡನ್ನು ಕೈಗೆ ತೆಗೆದುಕೊಂಡು, ಎರಡು ಸಲ ತಿರುಗಿಸಿ, ನೆಲದ ಮೇಲಿಟ್ಟ. "ನಿನ್ನ ಮಾರಿಗೆ ನಾ ಒಗೀಲೇನು?" ಎಂದು ಹೊರಗೆ ನಡೆದ.

ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಬದಿಗಿಟ್ಟಳು. "ಕೊಡ ಇಲ್ಲೆ" ಎಂದಳು.

ಟೆರೇಸಿನ ಮೆಟ್ಟಿಲ ಹತ್ತಿರ ಓನರ್ ಹಾಕಿಸಿದ್ದ ಕಬ್ಬಿಣದ ಜಾಲರಿಯ ಬಾಗಿಲಿತ್ತು. ನಾನು ಒಳಗೆ ನಿಂತೆ. ಅವ್ವ ಆಚೆ ನೀರಿನ ಟ್ಯಾಂಕಿಯ ಹತ್ತಿರ ಹೋಗಿ, ಸೆರಗು ಸಿಕ್ಕಿಸಿ, ಚೆಂಡು ಬೀಸಿದಳು. ಜಾಲರಿ ಅದುರಿತು, ಗೌಡರ ನಾಯಿ ಬೊಗಳಿತು, ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಾನು ಸಣ್ಣವಳಿದ್ದಾಗ ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದೆ ಎಂದು ಅವ್ವ ಯಾವಾಗಲೋ ಹೇಳಿದ್ದು ಆಗ ನೆನಪಾಯಿತು. ಹಕ್ಕಿಗಳ ಪಾಡು ನನಗೆ ಅವತ್ತೇ ಅರ್ಥವಾದದ್ದು.

"ಕಣ್ಣ ತೆರಿ!"

"ತೆರೆದೇ ಇದ್ದೀನವ್ವಾ!"

"ಸುಳ್ಳ ಬೊಗಳಬ್ಯಾಡ. ಇನ್ನೊಂದ ಬಂತು ನೋಡು!"

ಎಷ್ಟೋ ಸಂಜೆಗಳು ಹೀಗೆ ಕಳೆದವು. ಭಯ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ರೆಪ್ಪೆ ಬೀಳುವುದು ಸ್ವಲ್ಪ ತಡವಾಗತೊಡಗಿತು. ಮೊದಲು ಅವ್ವನ ಕೈ ಬಿಟ್ಟ ಚೆಂಡು ಕಂಡಿತು, ಆಮೇಲೆ ಅರ್ಧದಾರಿಯ ಚೆಂಡು, ಒಂದು ಸಂಜೆ ಜಾಲರಿಗೆ ತಾಗುವ ಚೆಂಡು. ಕಂಡರೆ ಭಯ ಹೋಗುತ್ತದೆ ಎನ್ನುತ್ತಾರೆ ಕೆಲವರು. ಅವರು ನಮ್ಮವ್ವನ ಎದುರು ನಿಂತಿಲ್ಲ. ಹತ್ತಿರದಿಂದ ಕಂಡಷ್ಟೂ ಚೆಂಡು ದೊಡ್ಡದಾಗುತ್ತದೆ.

ಪರೀಕ್ಷೆಯ ದಿನ ಬೆಳಿಗ್ಗೆ ಮಾವ ಯಾರಿಗೂ ಹೇಳದೆ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವ್ವನಿಗೆ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. ಬಸ್ಸಿನಿಂದ ಇಳಿಯುವಾಗ ಮಾವ, "ಬ್ಯಾಡ ಅನ್ನಿಸಿದ್ರ ಈಗ್ಲೂ ಹೊಳ್ಳಿ ಹೋಗೂಣು" ಎಂದ. ನನಗೆ ಬೇಡ ಅನ್ನಿಸಿತ್ತು. ಹೇಳಲು ಬಾಯಿ ಒಣಗಿತ್ತು, ಅದಕ್ಕೇ ಹೇಳಲಿಲ್ಲ. ನನ್ನದು ಧೈರ್ಯ ಎಂದು ಅವನು ತಿಳಿದಿರಬೇಕು.

ಬರೆಯುವ ಪರೀಕ್ಷೆ ಸಲೀಸಾಗಿ ಮುಗಿಯಿತು. ಮಧ್ಯಾಹ್ನ ಮೈದಾನಕ್ಕೆ ಕರೆದರು. ಆಡುತ್ತಿದ್ದವರು ನಮ್ಮ ಭಾನುವಾರದವರಲ್ಲ, ಪಳಗಿದ ಹುಡುಗಿಯರು. ಎಸೆಯುವವಳ ತೋಳು ಸುತ್ತಿದ್ದು ಕಂಡಿತು, ಚೆಂಡು ಬಂದ ಸದ್ದು ಮಾತ್ರ ಕೇಳಿತು. ನನ್ನ ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ, ಪರೀಕ್ಷಕರು ನಿಂತಿದ್ದರು. ಬಿಳಿ ಮೀಸೆಯ ಹಿರಿಯ ಅಂಪೈರು. ಅವರು ಆಟ ನೋಡುತ್ತಿರಲಿಲ್ಲ, ನನ್ನ ಮುಖವಾಡದೊಳಗೆ ನೋಡುತ್ತಿದ್ದರು. ಬೇಲಿಯ ಆಚೆ ಮಾವ ಎರಡೂ ಕೈಯಿಂದ ತಂತಿ ಹಿಡಿದು, ಒಳ್ಳೆಯ ಕಣ್ಣನ್ನು ಒಂದು ಕಿಂಡಿಗೆ ಇಟ್ಟು ನಿಂತಿದ್ದ.

ಮೊದಲೆರಡು ಚೆಂಡಿಗೆ ರೆಪ್ಪೆ ಬಿತ್ತು. ಮೂರನೆಯದಕ್ಕೆ ನಾನು ಎಸೆಯುವವಳನ್ನು ನೋಡುವುದು ಬಿಟ್ಟು, ಟ್ಯಾಂಕಿಯ ಹತ್ತಿರ ಸೆರಗು ಸಿಕ್ಕಿಸಿ ನಿಂತ ಅವ್ವನನ್ನು ಅಲ್ಲಿ ತಂದು ನಿಲ್ಲಿಸಿಕೊಂಡೆ. ಚೆಂಡು ಕಂಡಿತು. ನಾಲ್ಕನೆಯದೂ ಕಂಡಿತು. ಹೀಗೇ ಆಟ ಸಾಗಿತು, ನನ್ನ ಕೈ ಸರಿಯಾದ ಹೊತ್ತಿಗೆ ಮೇಲೇಳುತ್ತಾ. ಇನ್ನೇನು ಮುಗಿಯಿತು ಎನ್ನುವಾಗ ಹೊಡೆಯುವ ಹುಡುಗಿ ಬೀಸಿದಳು. ಚೆಂಡು ಬ್ಯಾಟಿನ ಅಂಚಿಗೆ ತಾಗಿ, ದಿಕ್ಕು ತಪ್ಪಿ, ಕ್ಯಾಚರಿನ ಭುಜದ ಮೇಲಿಂದ ನೇರವಾಗಿ ನನ್ನ ಮುಖಕ್ಕೆ ಬಂತು. ಕೆಂಪು ಹೊಲಿಗೆ ಕಂಡಿತು. ಹೊಲಿಗೆ ತಿರುಗುತ್ತಿತ್ತು. ಆಮೇಲೆ ಕಂಚಿನ ಗಂಟೆಯೊಳಗೆ ತಲೆಯಿಟ್ಟ ಹಾಗೆ ಒಂದು ಸದ್ದು.

"ಫೌಲ್ ಬಾಲ್!" ಎಂದು ಯಾರೋ ಕಿರುಚಿದರು. ಎರಡೂ ಕೈ ಮೇಲೆತ್ತಿ ಕಿರುಚಿದವಳು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಇನ್ನೊಂದು ಕೂಗು. "ಕಣ್ಣು! ಮಂಜೂ, ಕಣ್ಣು!" ಮಾವ ಗೇಟು ತಳ್ಳಿಕೊಂಡು ಮೈದಾನದ ನಡುವೆಯೇ ಓಡಿ ಬರುತ್ತಿದ್ದ. ಚಪ್ಪಲಿ ಒಂದು ಕಡೆ ಬಿದ್ದಿತ್ತು. ಎಡಗಡೆ ಕಾಣದೆ ಒಬ್ಬ ಆಟಗಾರ್ತಿಗೆ ಭುಜ ತಾಗಿಸಿ, ಮುಗ್ಗರಿಸಿ, ನನ್ನ ಮುಂದೆ ಬಂದು ಮುಖವಾಡಕ್ಕೆ ಕೈ ಹಾಕಿದ. "ತೋರ್ಸು! ಕಣ್ಣ ತೋರ್ಸು! ಕಾಣ್ತಾವೇನ?" ಆಸ್ಪತ್ರೆಯ ಬೆಂಚಿನ ಮೇಲೂ ಅವನನ್ನು ಇಷ್ಟು ಹೆದರಿದವನಾಗಿ ನಾನು ಕಂಡಿರಲಿಲ್ಲ.

ಆಟ ನಡೆಯುವಾಗ ಹೊರಗಿನವರು ಒಳಗೆ ಬಂದರೆ ಆಟ ನಿಲ್ಲಿಸಿ ಅವರನ್ನು ಹೊರಗೆ ಕಳಿಸಬೇಕು. ಕಳಿಸಬೇಕಾದವರು ಅಂಪೈರು. ಅದು ನಿಯಮ, ನಾನು ಓದಿದ್ದೆ. ಇಡೀ ಮೈದಾನ ನನ್ನನ್ನು ನೋಡುತ್ತಿತ್ತು. ಬಿಳಿ ಮೀಸೆಯವರು ಒಂದು ಹೆಜ್ಜೆ ಮುಂದೆ ಬಂದು, "ಯಾರಮ್ಮಾ ಇವ್ರು?" ಎಂದರು.

ಚೆಂಡಿನ ಭಯವೆಲ್ಲ ಆ ಕ್ಷಣದಲ್ಲಿ ಮಕ್ಕಳಾಟ ಎನಿಸಿತು. ನನ್ನನ್ನು ಓದಿಸಿದವನ ಮುಖ ನೋಡಿಕೊಂಡು ನಾನು ಹೇಳಬೇಕಿತ್ತು.

"ಪ್ರೇಕ್ಷಕರು, ಸಾರ್" ಎಂದೆ. ಮಾವನ ಕೈಯನ್ನು ಮುಖವಾಡದಿಂದ ಬಿಡಿಸಿದೆ. ಗೇಟಿನ ಕಡೆ ಕೈ ಚಾಚಿ ಹೇಳಿದೆ: "ಸಾರ್, ಆಟ ನಡೀತಿದೆ. ದಯವಿಟ್ಟು ಹೊರಗೆ ಹೋಗಿ."

ಮಾವ ನನ್ನನ್ನು ನೋಡಿದ. ಆ ಒಂದು ಕಣ್ಣಿನಿಂದ ನನ್ನ ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ನೋಡಿದ. ಇವೆ ಎಂದು ಖಾತ್ರಿ ಮಾಡಿಕೊಂಡವನ ಹಾಗೆ ತಲೆಯಾಡಿಸಿ, ದಾರಿಯಲ್ಲಿ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು ಗೇಟು ದಾಟಿದ. ಉಳಿದ ಆಟವನ್ನು ನಾನು ಹೇಗೆ ನಡೆಸಿದೆನೋ ತಿಳಿಯದು. ಚೆಂಡುಗಳು ಬಂದವು, ಕಂಡವು. ಬೇಲಿಯ ಕಿಂಡಿಯಲ್ಲಿ ಮಾತ್ರ ಯಾರೂ ಇರಲಿಲ್ಲ. ಇನ್ನು ಅವನು ನನ್ನ ಜೊತೆ ಮಾತಾಡುತ್ತಾನೋ ಇಲ್ಲವೋ ಎಂಬ ಅಂಜಿಕೆ ಮುಖವಾಡದೊಳಗೆ ಬೆವರಿನ ಜೊತೆ ಇಳಿಯುತ್ತಿತ್ತು.

ಸಂಜೆ ಹೆಸರು ಕೂಗಿದರು. ಬಿಳಿ ಮೀಸೆಯವರು ನನ್ನನ್ನು ನಿಲ್ಲಿಸಿಕೊಂಡರು. "ಮೊದಮೊದಲು ಕಣ್ಣು ಮುಚ್ತಿದ್ದೆ, ಅಲ್ವಾ?"

"ಹೌದು ಸಾರ್."

"ಎಲ್ರೂ ಮಿಟುಕಿಸ್ತಾರೆ ಕಣಮ್ಮ, ನಾನೂ ಮಿಟುಕಿಸ್ತೀನಿ. ಬಾಲು ಬಡಿದ ಮೇಲೆ ಮಿಟುಕಿಸಿದ್ರೆ ಸಾಕು" ಎಂದು ಸರ್ಟಿಫಿಕೇಟು ಕೈಗಿಟ್ಟರು. ಆಮೇಲೆ ದನಿ ತಗ್ಗಿಸಿ, "ಆ ಪ್ರೇಕ್ಷಕರು ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದಾರೆ, ಹೋಗು" ಎಂದರು.

ಮಾವ ಮರದ ಬುಡವನ್ನು ಎಡಕ್ಕಿಟ್ಟುಕೊಂಡು ಕೂತಿದ್ದ. ನಾನು ಬಲಗಡೆಯಿಂದ ಹೋಗಿ ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಅವನು ಕಾಗದವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ, ಮಡಚದೆ ಮಡಿಲಲ್ಲಿಟ್ಟುಕೊಂಡ, ಮೇಲೆ ಅಂಗೈಯಿಟ್ಟ.

"ಈ ಊರಿಗೆ ಬಂದಾಗಿಂದ ಏ ಅಂದಾರ, ಲೇ ಅಂದಾರ, ಭಾಳ ಅಂದ್ರ ಅಣ್ಣಾ ಅ‌ಂದಾರ" ಎಂದ. "ನನಗ ಸಾರ್ ಅಂದಾಕಿ ನೀನ ಮೊದಲನೇದಾಕಿ ನೋಡವ್ವ. ಅದೂ ಹೊರಗ ಹಾಕಾಕ."